ಡೌನ್‌ಸ್ಟ್ರೀಮ್

ಹರಿಯುವ ನೀರು ಹೋಗುವ ಕಡೆ. ನದಿಯ ಯಾವುದೇ ಒಂದು ಜಾಗದಿಂದ ಸಂಗಮದ ಅಥವಾ ಕಡಲಿನ ಕಡೆಗಿರುವ ಭಾಗ. ಎದುರು ಪದ ಅಪ್‌ಸ್ಟ್ರೀಮ್, ಅಂದರೆ ನೀರು ಬರುವ ಕಡೆ. ದಿಕ್ಕನ್ನು ಹೇಳುವ ಈ ಇಂಗ್ಲಿಷ್ ಪದ ನೀರಾವರಿ ಎಂಜಿನಿಯರರ ಬಾಯಿಂದ, ನದಿ ವಿವಾದಗಳ ಕಡತಗಳಿಂದ, ಕಾರ್ಖಾನೆಗಳಿಂದ ಕನ್ನಡಕ್ಕೆ ಬಂದಿದೆ. ಅಚ್ಚಿನಲ್ಲಿ ಇದಕ್ಕೆ ‘ಕೆಳಭಾಗ’, ‘ಕೆಳಹರಿವು’, ‘ಕೆಳದಂಡೆ’, ‘ನದಿಪಾತ್ರದ ಕೆಳಗೆ’ ಎಂದೆಲ್ಲ ಬಳಸುತ್ತಾರೆ. ಯಾವುದೂ ಗಟ್ಟಿಯಾಗಿ ನೆಲೆನಿಂತಿಲ್ಲ. ಹಾಗೆ ನಿಲ್ಲದಿರುವುದಕ್ಕೆ ಕಾರಣ ಕನ್ನಡದ ಬಡತನವಲ್ಲ, ‘ಕೆಳಗೆ’ ಎಂಬ ಮಾತಿಗೆ ನಮ್ಮಲ್ಲಿ ಈಗಾಗಲೇ ಇರುವ ಕೆಲಸಗಳು ಹಲವು. ಹೊಸಪೇಟೆಯಿಂದ ಹಂಪಿ, ಕಂಪ್ಲಿ, ಎಮ್ಮಿಗನೂರು, ಸಿರುಗುಪ್ಪದವರೆಗಿನ ತುಂಗಭದ್ರೆಯ ಬಯಲಿನಲ್ಲಿ ಈ ಕೆಲಸಗಳೆಲ್ಲ ಒಂದರ ಮೇಲೊಂದು ಬಿದ್ದಿವೆ. ಹಾಗಾಗಿ ಪದದ ಅರ್ಥವನ್ನು ಆ ಸೀಮೆಯಿಂದಲೇ ನೋಡುವುದು ಒಳ್ಳೆಯದು.

ಪದದ ಮೂಲ

‘ಡೌನ್’ ಮತ್ತು ‘ಸ್ಟ್ರೀಮ್’ ಎರಡೂ ಇಂಗ್ಲಿಷಿನ ಹಳೆಯ ಮನೆಮಾತುಗಳು, ಲ್ಯಾಟಿನ್ನಿನಿಂದ ತಂದವಲ್ಲ. ಸ್ಟ್ರೀಮ್ ಎಂದರೆ ಹರಿವು, ತೊರೆ. ‘ಡೌನ್’ನ ಕಥೆ ಸ್ವಲ್ಪ ವಿಚಿತ್ರ. ಹಳೆಯ ಇಂಗ್ಲಿಷಿನಲ್ಲಿ ‘ಡೂನ್’ ಎಂದರೆ ಗುಡ್ಡ. ‘ಗುಡ್ಡದಿಂದ’ ಎಂಬರ್ಥದ ಮಾತು ಬಾಯಿಯಿಂದ ಬಾಯಿಗೆ ಸವೆದು, ಗುಡ್ಡ ಕಳಚಿಹೋಗಿ, ಇಳಿಯುವಿಕೆಯಷ್ಟೇ ಉಳಿಯಿತು. ದಕ್ಷಿಣ ಇಂಗ್ಲೆಂಡಿನ ಗುಡ್ಡಸಾಲುಗಳನ್ನು ಇಂದಿಗೂ ‘ಡೌನ್ಸ್’ ಎಂದೇ ಕರೆಯುತ್ತಾರೆ.

ಪೂರ್ವ, ಪಶ್ಚಿಮಗಳಂತೆ ಡೌನ್‌ಸ್ಟ್ರೀಮ್ ತಾನೇ ತಾನಾಗಿ ನಿಲ್ಲುವ ದಿಕ್ಕಲ್ಲ. ‘ಎಲ್ಲಿಂದ?’ ಎಂಬ ಪ್ರಶ್ನೆಗೆ ಉತ್ತರ ಇದ್ದರೆ ಮಾತ್ರ ಅದಕ್ಕೆ ಅರ್ಥ. ಆನೆಗೊಂದಿ ಹೊಸಪೇಟೆಗೆ ಡೌನ್‌ಸ್ಟ್ರೀಮ್, ಕಂಪ್ಲಿಗೆ ಅಪ್‌ಸ್ಟ್ರೀಮ್. ಜೊತೆಗೆ, ನದಿ ತಿರುಗಿದಲ್ಲೆಲ್ಲ ಈ ದಿಕ್ಕೂ ತಿರುಗುತ್ತದೆ. ಹಂಪಿಯ ಬಂಡೆಗಳ ನಡುವೆ ಹೊಳೆ ಕೊರೆದುಕೊಂಡ ದಾರಿಯಲ್ಲಿ ನಡೆದವರಿಗೆ ಇದು ಗೊತ್ತು: ಬೆನ್ನಿಗಿದ್ದ ಸೂರ್ಯ ಪಕ್ಕಕ್ಕೆ ಬಂದಿರುತ್ತಾನೆ, ನೀರಿನ ಲೆಕ್ಕದಲ್ಲಿ ಮಾತ್ರ ನಾವು ಒಂದೇ ದಿಕ್ಕಿಗೆ ಹೋಗುತ್ತಿರುತ್ತೇವೆ.

ಕನ್ನಡಕ್ಕೆ ತರುವಾಗ ತೊಡಕಾಗುವುದು ‘ಕೆಳಗೆ’ ಎಂಬಲ್ಲಿ. ‘ಸೇತುವೆಯ ಕೆಳಗೆ ಶವ ಸಿಕ್ಕಿತು’ ಎಂದು ಪತ್ರಿಕೆಯಲ್ಲಿ ಬಂದರೆ ಕಮಾನಿನ ಅಡಿಯಲ್ಲೋ, ಹರಿವಿನಲ್ಲಿ ಒಂದು ಮೈಲಿ ಮುಂದಕ್ಕೋ? ಇಂಗ್ಲಿಷಿನ ‘ಬಿಲೋ’ಗೂ ಇದೇ ಗೊಂದಲವಿದೆ, ಅದನ್ನು ತಪ್ಪಿಸಲೆಂದೇ ಎಂಜಿನಿಯರರು ಡೌನ್‌ಸ್ಟ್ರೀಮ್ ಎನ್ನುತ್ತಾರೆ. ಹೊಳೆಯ ದಂಡೆಯ ಜನ ಆಡುಮಾತಿನಲ್ಲಿ ಈ ತೊಡಕಿಗೆ ಸಿಗುವುದೇ ಇಲ್ಲ. ‘ಮೇಲೆ ಮಳೆಯಾಗೈತಿ, ಹೊಳೆ ಬಂದೈತಿ’ ಎಂದರೆ ಮಲೆನಾಡಿನಲ್ಲಿ, ಶಿವಮೊಗ್ಗದ ಕಡೆ, ಮಳೆ ಸುರಿದು ಪ್ರವಾಹ ಬಂದಿದೆ ಎಂದು ಅರ್ಥ. ವರ್ಷವಿಡೀ ಅಲ್ಲೇ ಇರುವ ಹೊಳೆ ಪ್ರವಾಹದ ದಿನ ಮಾತ್ರ ‘ಬರುತ್ತದೆ’. ಡೌನ್‌ಸ್ಟ್ರೀಮಿನಲ್ಲಿ ಕೂತವರ ಭಾಷೆ ಇದು, ಬರುವುದೆಲ್ಲ ಮೇಲಿಂದಲೇ.

ಸೂರ್ಯನ ದಿಕ್ಕು, ನೆಲದ ದಿಕ್ಕು

ಕನ್ನಡದ ಮನೆಯ ದಿಕ್ಕುಗಳು ಮೂಡು, ಪಡು, ಬಡಗು, ತೆಂಕು. ಮೊದಲೆರಡು ಸೂರ್ಯನವು: ಮೂಡುವ ಕಡೆ ಮೂಡಣ, ಬೀಳುವ ಕಡೆ ಪಡುವಣ. ಹಳಗನ್ನಡ ಶಾಸನಗಳಲ್ಲಿ ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವುದು ಇವುಗಳಿಂದಲೇ. ಆಟಗಳಲ್ಲೂ ಉಳಿದುಕೊಂಡಿವೆ: ಕರಾವಳಿಯ ಯಕ್ಷಗಾನದಲ್ಲಿ ಬಡಗುತಿಟ್ಟು, ತೆಂಕುತಿಟ್ಟು, ಬಯಲುಸೀಮೆಯಲ್ಲಿ ಮೂಡಲಪಾಯ. ನೆರೆಯ ತಮಿಳಿನಲ್ಲಿ ಮಾತ್ರ ಬೇರೆ ತರ್ಕ. ಅಲ್ಲಿ ಪೂರ್ವಕ್ಕೆ ‘ಕಿೞಕ್ಕು’, ಪಶ್ಚಿಮಕ್ಕೆ ‘ಮೇರ್ಕು’. ಒಂದರ ಬೇರು ‘ಕೀೞ್’, ಅಂದರೆ ಕೆಳಗೆ, ಇನ್ನೊಂದರದು ‘ಮೇಲ್’. ಘಟ್ಟದಿಂದ ಬಂಗಾಳ ಕೊಲ್ಲಿಯವರೆಗೆ ನೆಲ ಇಳಿಯುವ ನಾಡಿನಲ್ಲಿ ಪೂರ್ವ ಎಂದರೆ ನೀರು ಹೋಗುವ ಕಡೆ. ಅಂದರೆ ತಮಿಳರ ಪೂರ್ವದೊಳಗೆ ಡೌನ್‌ಸ್ಟ್ರೀಮ್ ಅಡಗಿದೆ. ಕನ್ನಡಿಗರು ಆಕಾಶ ನೋಡಿ ಹೆಸರಿಟ್ಟರು. ಕರ್ನಾಟಕದಲ್ಲಿ ನೆಲ ಎರಡೂ ಕಡೆಗೆ ಇಳಿಯುತ್ತದೆ ಎಂಬುದನ್ನು ನೆನೆದರೆ ಇದು ಜಾಣತನವೇ. ಶರಾವತಿ, ಕಾಳಿ, ನೇತ್ರಾವತಿಗಳು ಪಡುವಣಕ್ಕೆ, ತುಂಗಭದ್ರೆ, ಕಾವೇರಿಗಳು ಮೂಡಣಕ್ಕೆ. ನೆಲದ ಇಳಿಜಾರನ್ನು ನಂಬಿದ್ದರೆ ಹೊನ್ನಾವರದವನಿಗೂ ಕಂಪ್ಲಿಯವನಿಗೂ ಪೂರ್ವ ಬೇರೆಬೇರೆಯಾಗುತ್ತಿತ್ತು. ನೆಲದ ಎತ್ತರ ತಗ್ಗು ನಮ್ಮಲ್ಲಿ ಉಳಿದಿರುವುದು ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎಂಬ ಮಾತಿನಲ್ಲಿ. ಅದು ದಿಕ್ಕಲ್ಲ, ಸೀಮೆ.

ನೀರನ್ನೇ ಮುಖ್ಯ ದಿಕ್ಕು ಮಾಡಿಕೊಂಡ ಜನರೂ ಇದ್ದಾರೆ. ಉತ್ತರ ಕ್ಯಾಲಿಫೋರ್ನಿಯಾದ ಕ್ಲಾಮತ್ ನದಿಯ ಯೂರೊಕ್, ಕರೂಕ್ ಜನರ ಭಾಷೆಗಳಲ್ಲಿ ಮೇಲ್ಹರಿವು, ಕೆಳಹರಿವುಗಳೇ ಪ್ರಧಾನ ದಿಕ್ಕುಗಳು. ಪ್ರಾಚೀನ ಈಜಿಪ್ಟಿನಲ್ಲಿ ನೈಲ್ ಉತ್ತರಕ್ಕೆ ಹರಿಯುವುದರಿಂದ ‘ಹರಿವಿನೊಡನೆ ಹೋಗು’ ಎಂದರೆ ‘ಉತ್ತರಕ್ಕೆ ಹೋಗು’ ಎಂದೇ ಅರ್ಥವಾಗುತ್ತಿತ್ತು. ಆ ದೇಶದ ಸೈನ್ಯ ಒಂದನೆಯ ಥುತ್‌ಮೋಸನ ಕಾಲದಲ್ಲಿ ದಕ್ಷಿಣಕ್ಕೆ ಹರಿಯುವ ಯೂಫ್ರೆಟಿಸ್ ನದಿಯನ್ನು ಕಂಡು ಬೆರಗಾಯಿತು. ಅವನ ಶಾಸನವೊಂದರಲ್ಲಿ ಅದು ತಿರುವುಮುರುವಾದ ನೀರು ಎಂದು ದಾಖಲಾಗಿದೆ.

ನಕ್ಷೆಯಲ್ಲಿ ಮೇಲೆ, ಹೊಳೆಯಲ್ಲಿ ಕೆಳಗೆ

ನಮ್ಮ ತುಂಗಭದ್ರೆಯೂ ಈ ವಿಷಯದಲ್ಲಿ ನೈಲ್‌ನ ಜಾತಿಗೆ ಸೇರಿದ್ದು. ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ತುಂಗೆ, ಭದ್ರೆ ಕೂಡಿ ಹುಟ್ಟುವ ನದಿ 531 ಕಿ.ಮೀ. ಹರಿದು ಕರ್ನೂಲಿನ ಆಚೆ ಕೃಷ್ಣೆಯನ್ನು ಸೇರುತ್ತದೆ. ಹೊಸಪೇಟೆ ದಾಟಿದ ಮೇಲೆ ಅದರ ಮುಖ ಈಶಾನ್ಯಕ್ಕೆ. ಕಂಪ್ಲಿ ಹೊಸಪೇಟೆಗಿಂತ ಉತ್ತರಕ್ಕಿದೆ, ಸಿರುಗುಪ್ಪ ಕಂಪ್ಲಿಗಿಂತ ಉತ್ತರಕ್ಕೆ, ಮಂತ್ರಾಲಯ ಇನ್ನೂ ಉತ್ತರಕ್ಕೆ. ಗೋಡೆಯ ಮೇಲೆ ನಕ್ಷೆ ತೂಗುಹಾಕಿದರೆ ನದಿ ಮೇಲಕ್ಕೆ ಹತ್ತುತ್ತಿರುವಂತೆ ಕಾಣುತ್ತದೆ. ಉತ್ತರವನ್ನು ಮೇಲಿಡುವುದು ಮುದ್ರಿತ ನಕ್ಷೆಗಳ ರೂಢಿ ಅಷ್ಟೆ. ಆದರೆ ಶಾಲೆಯಲ್ಲಿ ಆ ರೂಢಿ ಎಷ್ಟು ಆಳಕ್ಕೆ ಇಳಿಯುತ್ತದೆಂದರೆ ಉತ್ತರದ ಊರಿಗೆ ‘ಮೇಲಕ್ಕೆ’ ಹೋಗುವುದೇ ಸಹಜ ಅನ್ನಿಸಿಬಿಡುತ್ತದೆ. ಹಾಗೆ ಕಲಿತವರಿಗೆ, ಸಿರುಗುಪ್ಪ ಕಂಪ್ಲಿಯ ‘ಕೆಳಗೆ’ ಇದೆ ಎಂದರೆ ಒಂದು ಕ್ಷಣ ತಡವರಿಸುವಂತಾಗುತ್ತದೆ. ಹೊಳೆಯ ದಂಡೆಯವರಿಗೆ ಆ ತಡವರಿಕೆ ಇಲ್ಲ.

ಬಲದಂಡೆ, ಎಡದಂಡೆ

ಡೌನ್‌ಸ್ಟ್ರೀಮಿನ ಅರ್ಥ ತಿಳಿಯದೆ ನದಿಯ ಬಲ ಎಡ ತಿಳಿಯುವುದಿಲ್ಲ. ಜಗತ್ತಿನೆಲ್ಲೆಡೆ ಒಂದೇ ನಿಯಮ: ನೀರು ಹೋಗುವ ಕಡೆಗೆ ಮುಖ ಮಾಡಿ ನಿಂತರೆ ಬಲಗೈಗೆ ಸಿಗುವುದು ಬಲದಂಡೆ. ಹೊಸಪೇಟೆ, ಹಂಪಿ, ಕಂಪ್ಲಿ, ಎಮ್ಮಿಗನೂರು ಬಲದಂಡೆಯವು. ಮುನಿರಾಬಾದ್, ಆನೆಗೊಂದಿ, ಗಂಗಾವತಿ ಎಡದಂಡೆಯವು. ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟು ನೋಡಲು ಬಂದವರು ಅದರ ಮುಂದಿನ ತೋಟದಲ್ಲಿ ಗೇಟುಗಳಿಗೆ ಮುಖಮಾಡಿ ನಿಲ್ಲುತ್ತಾರೆ. ಆಗ ಬಲದಂಡೆ ಅವರ ಎಡಗೈಗೆ ಬರುತ್ತದೆ. ತಪ್ಪು ಅವರದಲ್ಲ, ನೀರಿಗೆ ಎದುರಾಗಿ ನಿಂತಿದ್ದಾರೆ.

ಸಂಸ್ಕೃತದ ‘ದಕ್ಷಿಣ’ ಎಂಬ ಪದಕ್ಕೆ ಬಲ ಎಂಬ ಅರ್ಥವೂ ಇದೆ, ತೆಂಕಣ ಎಂಬ ಅರ್ಥವೂ ಇದೆ. ಮೂಡುವ ಸೂರ್ಯನಿಗೆ ಮುಖಮಾಡಿದವನ ಬಲಗೈ ದಕ್ಷಿಣಕ್ಕಿರುತ್ತದೆ ಎಂಬುದೇ ಇದರ ಹಿಂದಿನ ಲೆಕ್ಕ. ತುಂಗಭದ್ರೆ ಒಟ್ಟಾರೆ ಪೂರ್ವದ ಕಡೆಗೇ ಸಾಗುವುದರಿಂದ ಸೂರ್ಯನ ಬಲವೂ ನೀರಿನ ಬಲವೂ ಇಲ್ಲಿ ಹೆಚ್ಚುಕಡಿಮೆ ಕೂಡಿಬರುತ್ತವೆ. ಹಂಪಿಯ ದಂಡೆಯನ್ನು ದಕ್ಷಿಣ ದಂಡೆ ಎಂದರೂ ನಡೆಯುತ್ತದೆ, ಬಲದಂಡೆ ಎಂದರೂ ನಡೆಯುತ್ತದೆ. ಶರಾವತಿಯಲ್ಲಿ ಹಾಗಲ್ಲ, ಅದರ ಬಲದಂಡೆ ಉತ್ತರಕ್ಕಿದೆ.

ಆಡಳಿತದಲ್ಲಿ ಈ ಎಡಬಲ ದೊಡ್ಡ ಗಡಿಯೇ ಆಗಿತ್ತು. ಸ್ವಾತಂತ್ರ್ಯಕ್ಕೆ ಮುಂಚೆ ಎಡದಂಡೆ ಹೈದರಾಬಾದ್ ನಿಜಾಮರದು, ಬಲದಂಡೆ ಮದ್ರಾಸ್ ಪ್ರಾಂತ್ಯದ್ದು. 1945ರ ಫೆಬ್ರವರಿ 28ರಂದು ಅಣೆಕಟ್ಟಿನ ಶಂಕುಸ್ಥಾಪನೆಯನ್ನು ಎರಡೂ ಕಡೆಯವರು ತಮ್ಮ ತಮ್ಮ ದಂಡೆಯಲ್ಲೇ ಮಾಡಿದರು: ಎಡಗಡೆ ಬೇರಾರಿನ ಯುವರಾಜ, ಬಲಗಡೆ ಮದ್ರಾಸಿನ ಗವರ್ನರ್ ಸರ್ ಆರ್ಥರ್ ಹೋಪ್. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು, ಅದೇ ವರ್ಷ ತುಂಗಭದ್ರಾ ಮಂಡಳಿ ರಚನೆಯಾಯಿತು. 227 ಕಿ.ಮೀ. ಉದ್ದದ ಎಡದಂಡೆ ಮುಖ್ಯ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳಿಗೆ. ಬಲದಂಡೆಯ ಕಾಲುವೆಗಳು ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಮತ್ತು ಆಂಧ್ರಕ್ಕೆ.

ಮೂರು ಬಗೆಯ ‘ಮೇಲೆ’

ಇಲ್ಲಿಂದ ಮುಂದೆ ಕನ್ನಡ ಪತ್ರಿಕೆ ಓದುವವರಿಗೆ ನಿಜವಾದ ಗೋಜಲು. ‘ಭದ್ರಾ ಮೇಲ್ದಂಡೆ’, ‘ತುಂಗಾ ಮೇಲ್ದಂಡೆ’, ‘ಕೃಷ್ಣಾ ಮೇಲ್ದಂಡೆ’ ಎಂಬ ಯೋಜನೆಗಳ ಹೆಸರಿನ ‘ಮೇಲ್’ ಅಪ್‌ಸ್ಟ್ರೀಮಿನದು, ನದಿಯ ಮೇಲ್ಭಾಗದಲ್ಲಿರುವ ಯೋಜನೆ ಎಂದು. ‘ಬಲದಂಡೆ ಮೇಲ್ಮಟ್ಟದ ಕಾಲುವೆ’ಯ ‘ಮೇಲ್’ ಬರಿಯ ಎತ್ತರ. ಒಂದೇ ಜಲಾಶಯದಿಂದ, ಒಂದೇ ದಂಡೆಯಿಂದ ಹೊರಡುವ ಎರಡು ಕಾಲುವೆಗಳಲ್ಲಿ ಒಂದು ನೆಲದ ಎತ್ತರದ ಅಂಚನ್ನು ಹಿಡಿದು ಬಳ್ಳಾರಿ, ಅನಂತಪುರದ ಕಡೆಗೆ ಸುಮಾರು 196 ಕಿ.ಮೀ. ಹೋಗುತ್ತದೆ, ಇನ್ನೊಂದು ತಗ್ಗಿನ ಅಂಚು ಹಿಡಿದು, ಹಂಪಿ ವಿದ್ಯುದಾಗಾರದ ದಾರಿಯಾಗಿ ಕಂಪ್ಲಿ, ಎಮ್ಮಿಗನೂರು, ಸಿರುಗುಪ್ಪದ ಸೀಮೆಗೆ ನೀರುಣಿಸುತ್ತ ಕರ್ನೂಲು ಜಿಲ್ಲೆಯೊಳಗೆ ಹೋಗುತ್ತದೆ. ಇದರ ಉದ್ದ 300 ಕಿ.ಮೀ. ಮೀರುತ್ತದೆ. ಮೇಲ್ಮಟ್ಟದ ಕಾಲುವೆಗೂ ತನ್ನದೇ ಕೆಳಭಾಗ ಇದೆ, ಕೆಳಮಟ್ಟದ ಕಾಲುವೆಗೂ ತನ್ನದೇ ಮೇಲ್ಭಾಗ ಇದೆ! ರೈತರು ಈ ಪಜೀತಿಯಿಂದ ಸುಲಭವಾಗಿ ಪಾರಾಗಿದ್ದಾರೆ. ಅವರ ಬಾಯಲ್ಲಿ ಎರಡೂ ಇಂಗ್ಲಿಷ್ ಅಕ್ಷರಗಳಾಗಿವೆ: ಮೇಲ್ಮಟ್ಟದ್ದು ‘ಎಚ್‌ಎಲ್‌ಸಿ’, ಕೆಳಮಟ್ಟದ್ದು ‘ಎಲ್‌ಎಲ್‌ಸಿ’. ‘ಎಲ್‌ಎಲ್‌ಸಿಗೆ ನೀರು ಬಿಟ್ರಾ?’ ಎಂದು ಕೇಳುವಾಗ ಆ ಅಕ್ಷರಗಳ ಅರ್ಥ ಯಾರಿಗೂ ಬೇಕಾಗಿಲ್ಲ. ಅನುವಾದ ಮಾಡಿದ್ದಕ್ಕಿಂತ ಇದೇ ಚೊಕ್ಕವಾಗಿದೆ ಎನ್ನಬೇಕು. ಮೂರನೆಯ ‘ಮೇಲೆ’ ಆಗಲೇ ಹೇಳಿದ ನಕ್ಷೆಯದು.

ವಿಜಯನಗರದ ಕಾಲದ ಕಾಲುವೆಗಳಿಗೆ ಇಂಥ ಹೆಸರುಗಳಿರಲಿಲ್ಲ. ಬಲದಂಡೆಯಲ್ಲಿ ರಾಯ, ಬಸವಣ್ಣ, ತುರ್ತು, ರಾಮಸಾಗರ, ಕಂಪ್ಲಿ, ಸಿರುಗುಪ್ಪ, ದೇಶನೂರು ಕಾಲುವೆಗಳು. ಆಳಿದವರ, ದೇವರ, ಊರಿನ ಹೆಸರುಗಳೇ ಹೆಚ್ಚು. ಬಸವಣ್ಣ ಕಾಲುವೆ 1521ರದು, ಕೃಷ್ಣದೇವರಾಯನ ಕಾಲದ್ದು ಎಂದು ಇತಿಹಾಸಕಾರ ರಾಬರ್ಟ್ ಸೀವೆಲ್ ಬರೆದಿದ್ದಾನೆ. ತುರ್ತು ಕಾಲುವೆ ಹಂಪಿಯ ಪಾಳುಗುಡಿಗಳ ನಡುವೆ ಬಾಳೆತೋಟಗಳಿಗೆ ಇಂದಿಗೂ ನೀರುಣಿಸುತ್ತಿದೆ. ಈ ಕಾಲುವೆಗಳಿಗೆ ಹೊಳೆಯ ನೀರು ತಿರುಗಿಸುವ ಅಣೆಗಳು ತಗ್ಗು ಒಡ್ಡುಗಳು, ಹೆಚ್ಚಾದ ನೀರು ಮೇಲಿಂದ ಹಾರಿ ಮುಂದಿನ ಅಣೆಗೆ ಹೋಗುತ್ತಿತ್ತು. ಮೇಲಿನವರು ಪೂರ್ತಿ ತಡೆದಿಟ್ಟುಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಡೌನ್‌ಸ್ಟ್ರೀಮ್ ಎಂಬುದು ಜಗಳದ ಮಾತಾಗಲು ನೀರನ್ನು ಹಿಡಿದಿಡಬಲ್ಲ ದೊಡ್ಡ ಜಲಾಶಯ ಬೇಕಾಯಿತು.

ಪ್ರವಾಹದ ಎಚ್ಚರಿಕೆ

ಜಲಾಶಯ ತುಂಬಿದಾಗ ಪದದ ಬಳಕೆ ತಟ್ಟನೆ ಬದಲಾಗುತ್ತದೆ. ‘ಕೆಳಭಾಗದ ನದಿಪಾತ್ರದ ಜನರು ಎಚ್ಚರಿಕೆಯಿಂದಿರಬೇಕು’ ಎಂಬ ಪ್ರಕಟಣೆ ಪ್ರತಿ ಮುಂಗಾರಿನಲ್ಲೂ ಹೊರಡುತ್ತದೆ. ಹೊರಹರಿವು ಲಕ್ಷ ಕ್ಯೂಸೆಕ್ ದಾಟಿ ಏರತೊಡಗಿದರೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಆನೆಗೊಂದಿಯ ನವವೃಂದಾವನ ನಡುಗಡ್ಡೆಗೆ ದಾರಿ ಕಡಿಯುತ್ತದೆ, ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ಸಂಚಾರ ನಿಲ್ಲುತ್ತದೆ. ಹರಿಗೋಲು ಹಾಕುವವರೂ ನಿಲ್ಲಿಸುತ್ತಾರೆ. ನೀರು ಕಡಿಮೆ ಇರುವಾಗಲೂ ಹರಿಗೋಲು ನೇರ ದಾಟುವುದಿಲ್ಲ, ಹರಿವು ಅದನ್ನು ಕೆಳಕ್ಕೆ ಒಯ್ಯುತ್ತದೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು, ತುಂಬಿದ್ದ ಜಲಾಶಯದಿಂದ ಹತ್ತಾರು ಟಿಎಂಸಿ ನೀರನ್ನು ಹೊಳೆಗೆ ಬಿಡಬೇಕಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಉಸ್ತುವಾರಿಯಲ್ಲಿ ತಾತ್ಕಾಲಿಕ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗದಲ್ಲಿ ಅಡ್ಡ ತಡೆಗಳನ್ನು, ಇಳಿಸಿ ವಾರದೊಳಗೆ ಹರಿವನ್ನು ತಡೆದರು. ಆ ವಾರ ಕೆಳಗಿನವರಿಗೆ ಎರಡು ಭಯಗಳು ಒಟ್ಟಿಗೆ ಬಂದವು: ಇಂದು ಪ್ರವಾಹ ಬಂದೀತೆಂಬುದು, ನಾಳೆ ಬೆಳೆಗೆ ನೀರು ಸಾಲದೆಂಬುದು.

ನೀರಿಲ್ಲದ ಡೌನ್‌ಸ್ಟ್ರೀಮ್

ಪದವೀಗ ನದಿಯನ್ನು ಬಿಟ್ಟು ಬಹುದೂರ ಬಂದಿದೆ. ಪೆಟ್ರೋಲಿಯಂ ಉದ್ದಿಮೆಯಲ್ಲಿ ಬಾವಿ ಕೊರೆಯುವುದು ಅಪ್‌ಸ್ಟ್ರೀಮ್, ಶುದ್ಧೀಕರಿಸಿ ಬಂಕಿಗೆ ಮುಟ್ಟಿಸುವುದು ಡೌನ್‌ಸ್ಟ್ರೀಮ್. ಉಕ್ಕಿನಲ್ಲೂ ಹಾಗೆಯೇ. ಸಂಡೂರಿನ ಗುಡ್ಡದಿಂದ ಅದಿರು ತೆಗೆಯುವುದು ಮೇಲಿನ ಕೆಲಸ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆಯಲ್ಲಿ ಉಕ್ಕನ್ನು ತಗಡು ಮಾಡಿ, ಸತು ಲೇಪಿಸಿ ಮಾರುವುದು ಕೆಳಗಿನದು. ಸಂಡೂರಿನಲ್ಲಿ ಪದದ ಎರಡೂ ಅರ್ಥಗಳು ಒಟ್ಟಿಗೆ ಇವೆ ಎಂಬುದು ಗಮನಿಸಬೇಕಾದದ್ದು. ಗಣಿಯ ಕೆಮ್ಮಣ್ಣು ಮಳೆಗಾಲದಲ್ಲಿ ನಾರಿಹಳ್ಳಕ್ಕೆ ಇಳಿಯುವುದು ಹಳೆಯ ಅರ್ಥದ ಡೌನ್‌ಸ್ಟ್ರೀಮ್. ಅದೇ ಅದಿರು ತಗಡಾಗಿ ಹೊರಬರುವುದು ಹೊಸ ಅರ್ಥದ್ದು. ಎರಡನೆಯದರ ಲೆಕ್ಕ ಕಂಪನಿಗಳ ವಾರ್ಷಿಕ ವರದಿಯಲ್ಲಿ ಸಿಗುತ್ತದೆ. ಮೊದಲನೆಯದರ ಲೆಕ್ಕ ಕೇಳಲು 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೂ ಹೋಗಬೇಕಾಯಿತು.

ಕಂಪ್ಯೂಟರ್ ಜಾಲದಲ್ಲಿ ಮಾಹಿತಿ ಬಳಕೆದಾರನ ಕಡೆಗೆ ಬರುವುದು ಡೌನ್‌ಸ್ಟ್ರೀಮ್, ‘ಡೌನ್‌ಲೋಡ್’ ಇದರ ಸೋದರ. ಜೀವಶಾಸ್ತ್ರಜ್ಞರು ಡಿಎನ್‌ಎ ಎಳೆಯ ಮೇಲೂ ಈ ಎರಡು ದಿಕ್ಕು ಗುರುತಿಸುತ್ತಾರೆ. ರೈಲಿನ ‘ಅಪ್’, ‘ಡೌನ್’ಗಳಿಗೂ ಇಳಿಜಾರಿಗೂ ಸಂಬಂಧವಿಲ್ಲ, ಇಂಗ್ಲೆಂಡಿನಲ್ಲಿ ಲಂಡನ್ನಿನ ಕಡೆ ಹೋಗುವ ಗಾಡಿ ಅಪ್, ಇಲ್ಲಿಯೂ ಆ ರೂಢಿಯೇ ಬೇರೆ ಬೇರೆ ಕೇಂದ್ರಗಳನ್ನು ಹಿಡಿದು ನಡೆದುಬಂತು. ಇದೇ ಜೋಡಿಯ ಒಂದು ಕ್ರಿಯಾಪದವೂ ನಮ್ಮಲ್ಲಿದೆ: ‘ಅಪ್ ಅಂಡ್ ಡೌನ್ ಮಾಡು’. ಕಂಪ್ಲಿಯಲ್ಲಿ ಮನೆ, ಹೊಸಪೇಟೆಯಲ್ಲಿ ನೌಕರಿ ಇರುವ ಮೇಷ್ಟರು ದಿನಾ ಮಾಡುವುದು ಅದನ್ನೇ. ಇಂಗ್ಲಿಷಿನವರಿಗೆ ಈ ಅರ್ಥದಲ್ಲಿ ಹೇಳಿದರೆ ತಿಳಿಯದು.

ಕೊನೆ ಭಾಗ

ಕಾಲುವೆಯ ಲೋಕದಲ್ಲಿ ಡೌನ್‌ಸ್ಟ್ರೀಮಿಗೆ ಇರುವ ಜೀವಂತ ಕನ್ನಡ ‘ಕೊನೆ ಭಾಗ’. ಇಂಗ್ಲಿಷಿನ ‘ಟೇಲ್ ಎಂಡ್’ ಎಂಬುದರ ಜಾಗದಲ್ಲಿ ಇದು ಬಂದಿದ್ದರೂ ಬಾಲದ ಚಿತ್ರವನ್ನು ಕೈಬಿಟ್ಟಿದೆ. ‘ಕೊನೆ ಭಾಗದ ರೈತರು’ ಎಂದರೆ ನೀರು ಕೊನೆಗೆ ಮುಟ್ಟುವವರು, ಇಲ್ಲವೇ ಮುಟ್ಟದವರು. ದಿಕ್ಕು ಇಲ್ಲಿ ಸರದಿಯಾಗುತ್ತದೆ.

ತುಂಗಭದ್ರಾ ಕಾಲುವೆಗಳನ್ನು ರೂಪಿಸುವಾಗ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳೇ ಹೆಚ್ಚಿನ ನೆಲದಲ್ಲಿರುತ್ತವೆ ಎಂದು ಲೆಕ್ಕ ಹಾಕಿದ್ದರು, ನೀರನ್ನು ತೆಳುವಾಗಿ ದೂರದವರೆಗೆ ಹಂಚುವ ಆಸೆಯಿಂದ. ಆದರೆ ತೂಬಿನ ಬಾಯಲ್ಲೇ ಹೊಲ ಇರುವವರು ಭತ್ತ ಹಾಕಿದರು. ಎಡದಂಡೆಯ ಗಂಗಾವತಿ, ಕಾರಟಗಿ, ಬಲದಂಡೆಯ ಕಂಪ್ಲಿ, ಎಮ್ಮಿಗನೂರು ಎಲ್ಲ ಭತ್ತದ ಸೀಮೆಗಳಾದವು. ಮೇಲೆ ಭತ್ತ ಬಂದಷ್ಟೂ ಕೆಳಗೆ ನೀರು ಸೊರಗಿತು. ರಾಯಚೂರು, ಮಾನ್ವಿ, ಸಿರವಾರದ ಕಡೆಯವರು ಇದಕ್ಕಾಗಿ ರಸ್ತೆಗಿಳಿಯುವುದು ಹೊಸತಲ್ಲ. ಆ ಹೋರಾಟಗಳಲ್ಲಿ ಊರಿನ ಹೆಸರಿಗಿಂತ ಮೈಲಿನ ಹೆಸರೇ ಹೆಚ್ಚು ಕೇಳುತ್ತದೆ: ‘69ನೇ ಮೈಲಿನಲ್ಲಿ ಗೇಜ್ ಎಷ್ಟಿದೆ?’, ‘104ನೇ ಮೈಲಿಗೆ ನೀರು ಬಂತಾ?’ ಸೊನ್ನೆಯ ಮೈಲು ಅಣೆಕಟ್ಟಿನಲ್ಲಿದೆ. ಸಂಖ್ಯೆ ದೊಡ್ಡದಾದಷ್ಟೂ ಚಿಂತೆ ದೊಡ್ಡದು. ನೀರು ಯಾವಾಗ, ಎಷ್ಟು ದಿನ ಎಂಬುದನ್ನು ನೀರಾವರಿ ಸಲಹಾ ಸಮಿತಿ, ರೈತರ ಮಾತಿನಲ್ಲಿ ‘ಐಸಿಸಿ’, ತೀರ್ಮಾನಿಸುತ್ತದೆ. ನೀರು ಕಡಿಮೆಯಿದ್ದರೆ ‘ಆನ್ ಅಂಡ್ ಆಫ್’, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಪದ್ಧತಿ.

ಹಂಚುವ ನೀರೂ ಕುಗ್ಗಿದೆ. ಆರಂಭದಲ್ಲಿ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ. ಮೇಲಿನಿಂದ ಬಂದ ಹೂಳು ತುಂಬಿ ಅದೀಗ 106 ಟಿಎಂಸಿಗಿಂತ ಸ್ವಲ್ಪ ಕಡಿಮೆ. ಕಳೆದುಹೋದ ನೀರಿಗೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ಬಹಳ ದಿನಗಳಿಂದ ಇದೆ.

ರಾಜ್ಯಗಳ ನಡುವೆ ಬಂದಾಗ ಡೌನ್‌ಸ್ಟ್ರೀಮ್ ಹಕ್ಕಿನ ಮಾತಾಗುತ್ತದೆ. 1969ರಲ್ಲಿ ನೇಮಕವಾಗಿ 1976ರಲ್ಲಿ ಅಂತಿಮ ತೀರ್ಪು ಕೊಟ್ಟ ಬಚಾವತ್ ನ್ಯಾಯಮಂಡಳಿ ಕೃಷ್ಣಾ ಕೊಳ್ಳದ ನೀರನ್ನು ಮಹಾರಾಷ್ಟ್ರ, ಕರ್ನಾಟಕ, ಆಂಧ್ರಗಳಿಗೆ ಹಂಚಿತು; ತುಂಗಭದ್ರಾ ಯೋಜನೆಯ ಪಾಲೂ ಅದರಲ್ಲೇ ನಿಗದಿಯಾಯಿತು. ಕೃಷ್ಣೆಯಲ್ಲಿ ಮಹಾರಾಷ್ಟ್ರದ ಎದುರು ಕರ್ನಾಟಕ ಕೆಳಗಿನ ರಾಜ್ಯ. ಆಲಮಟ್ಟಿ ಅಣೆಕಟ್ಟಿನ ವಿಷಯ ಬಂದಾಗ ಆಂಧ್ರದ ಎದುರು ಮೇಲಿನ ರಾಜ್ಯ. 2023ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ಘೋಷಣೆಯಾದಾಗ ಆಂಧ್ರದಿಂದ ಆಕ್ಷೇಪ ಎದ್ದದ್ದು ಕೆಳಗಿನ ರಾಜ್ಯದ ನೆಲೆಯಿಂದಲೇ.

ಎಮ್ಮಿಗನೂರು ಎಂಬ ಹೆಸರಿನ ಊರುಗಳು ಕೆಳಮಟ್ಟದ ಕಾಲುವೆಯ ಸೀಮೆಯಲ್ಲಿ ಎರಡಿವೆ. ಒಂದು ಕಂಪ್ಲಿ ತಾಲ್ಲೂಕಿನದು. ಇನ್ನೊಂದು ಆಂಧ್ರದ ಕರ್ನೂಲು ಜಿಲ್ಲೆಯ ಪಟ್ಟಣ, ಕೈಮಗ್ಗಕ್ಕೆ ಹೆಸರಾದದ್ದು. ಹೊಸಪೇಟೆಯ ಕಚೇರಿಯಲ್ಲಿ ಕೂತು ನೋಡಿದರೆ ನಮ್ಮ ಎಮ್ಮಿಗನೂರು ಡೌನ್‌ಸ್ಟ್ರೀಮ್. ಕರ್ನೂಲಿನ ಎಮ್ಮಿಗನೂರಿನಿಂದ ನೋಡಿದರೆ ಅದೇ ಊರು ಅಪ್‌ಸ್ಟ್ರೀಮ್, ತಮ್ಮ ಪಾಲಿನ ನೀರು ಗಡಿ ದಾಟುವ ಮುಂಚೆಯೇ ಖರ್ಚಾಗುವ ಕಡೆ ಎಂದು ಅಲ್ಲಿನ ರೈತರ ಹಳೆಯ ದೂರು. ಅಲ್ಲಿಂದ ತುಂಗಭದ್ರೆಗೆ ಇನ್ನೂ ಸುಂಕೇಸುಲದ ಒಡ್ಡು ಬಾಕಿ. ಆಮೇಲೆ ಕರ್ನೂಲು, ಆಮೇಲೆ ಕೃಷ್ಣೆ, ಶ್ರೀಶೈಲದ ಜಲಾಶಯ.